ಧಾರಣೆಯ ಜಾಡು ಹಿಡಿಯುವ ಸರಾಸರಿ

ಆಲೂರು ಮತ್ತು ಆದೋನಿ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದರೂ, ಗಡಿಯ ಎರಡೂ ಬದಿಯ ಎರೆಭೂಮಿಯಲ್ಲಿ ಹತ್ತಿಯ ಬೇಸಾಯ ಮುಂದುವರಿದಿದೆ. ಆದೋನಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಹತ್ತಿಯ ಧಾರಣೆಯನ್ನು ಏರಿಳಿಸುವ ಕಾರಣಗಳು ಎರಡು ಬಗೆಯವು: ಆ ದಿನದ ಆವಕ, ಹತ್ತಿಯ ತೇವಾಂಶ, ಕೊಳ್ಳುವವರ ಸಂಖ್ಯೆ ಮುಂತಾದವು ತಾತ್ಕಾಲಿಕ, ಜಗತ್ತಿನ ಉತ್ಪಾದನೆ, ನೂಲಿನ ಗಿರಣಿಗಳ ಬೇಡಿಕೆ ಮುಂತಾದವು ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಎಳೆಯುವಂಥವು. ಮೊದಲನೆಯದರ ಗದ್ದಲವನ್ನು ಸೋಸಿ ಎರಡನೆಯದರ ದಿಕ್ಕನ್ನು ತೋರಿಸಲು ರೂಪಿಸಿದ ಗಣಿತ ಸಾಧನವೇ ಪ್ರವೃತ್ತಿ ಸೂಚಕ. ಷೇರುಪೇಟೆಯ ವಹಿವಾಟುದಾರರು ನೆಚ್ಚುವ ಇಂಥ ಸೂಚಕಗಳಲ್ಲಿ ಚಲಿಸುವ ಸರಾಸರಿ ಅತ್ಯಂತ ಸರಳವಾದುದು.

ಕಳೆದ ಐದು ದಿನಗಳ ಧಾರಣೆ 7,000, 7,100, 7,200, 7,300, 7,400 ರೂಪಾಯಿ ಇದ್ದರೆ ಅವುಗಳ ಸರಾಸರಿ 7,200. ಮರುದಿನ ಹೊಸ ಅಂಕಿಯನ್ನು ಸೇರಿಸಿ ಹಳೆಯದನ್ನು ಕೈಬಿಟ್ಟರೆ ಸರಾಸರಿಯೂ ಒಂದು ಹೆಜ್ಜೆ ಸರಿಯುತ್ತದೆ. ಈ ಉದಾಹರಣೆಯಲ್ಲಿ 7,200 ಎಂಬುದು ಎರಡು ದಿನ ಹಿಂದಿನ ಧಾರಣೆ, ಅಂದರೆ ಸರಾಸರಿಯು ಮಾರುಕಟ್ಟೆಗಿಂತ ಎರಡು ದಿನ ಹಿಂದೆ ಬಿದ್ದಿದೆ. ಒಂದೇ ವೇಗದಲ್ಲಿ ಏರುವ ಬೆಲೆಗೆ ಈ ವಿಳಂಬವು ಅವಧಿಯಿಂದ ಒಂದನ್ನು ಕಳೆದು ಉಳಿದುದರ ಅರ್ಧದಷ್ಟಿರುತ್ತದೆ. 25 ದಿನಗಳ ಸರಾಸರಿಗೆ ಅದು 12 ದಿನ, 100 ದಿನಗಳದಕ್ಕೆ ಸುಮಾರು 50 ದಿನ. ದಿನದಿನದ ಗದ್ದಲವು ಒಂದನ್ನೊಂದು ಅವಲಂಬಿಸಿಲ್ಲ ಎಂದು ಭಾವಿಸಿದರೆ ಅದು ಅವಧಿಯ ವರ್ಗಮೂಲದ ಪ್ರಮಾಣದಲ್ಲಿ ತಗ್ಗುವುದರಿಂದ, 25 ದಿನಗಳಲ್ಲಿ ಐದನೇ ಒಂದಕ್ಕೂ 100 ದಿನಗಳಲ್ಲಿ ಹತ್ತನೇ ಒಂದಕ್ಕೂ ಇಳಿಯುತ್ತದೆ. ಹೀಗೆ ಗದ್ದಲವನ್ನು ಅರ್ಧಕ್ಕೆ ಇಳಿಸಬೇಕಾದರೆ ವಿಳಂಬವನ್ನು ನಾಲ್ಕು ಪಟ್ಟು ಸಹಿಸಬೇಕಾಗುತ್ತದೆ. ಸ್ಪಷ್ಟತೆ ಮತ್ತು ವೇಗ ಎರಡನ್ನೂ ಒಟ್ಟಿಗೆ ಕೊಡುವ ಸರಾಸರಿ ಇಲ್ಲ.

ಈ ಇಕ್ಕಟ್ಟನ್ನು ನಿಭಾಯಿಸಲು ಅಮೆರಿಕದ ರಿಚರ್ಡ್ ಡಾಂಚಿಯನ್ 5 ಮತ್ತು 20 ದಿನಗಳ ಎರಡು ಸರಾಸರಿಗಳನ್ನು ಜೊತೆಗಿಟ್ಟು ನೋಡುವ ಕ್ರಮವನ್ನು ಬಳಕೆಗೆ ತಂದರು. ಕಿರು ಅವಧಿಯ ಗೆರೆ ದೀರ್ಘಾವಧಿಯ ಗೆರೆಯನ್ನು ಕೆಳಗಿನಿಂದ ದಾಟಿದಾಗ ಕೊಳ್ಳುವುದು, ಮೇಲಿನಿಂದ ದಾಟಿದಾಗ ಮಾರುವುದು ಅದರ ನಿಯಮ. ಈ ನಿಯಮವನ್ನು ಪಾಲಿಸುವವನು ತುತ್ತತುದಿಯಲ್ಲಿ ಮಾರಲಾರ, ಏಕೆಂದರೆ ಬೆಲೆ ಕುಸಿಯತೊಡಗಿದ ಮೇಲಷ್ಟೇ ಸೂಚನೆ ಹುಟ್ಟುತ್ತದೆ. 2022ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ವಾಯಿದಾ ಪೇಟೆಯಲ್ಲಿ ಪೌಂಡಿಗೆ 150 ಸೆಂಟ್ ದಾಟಿದ್ದ ಹತ್ತಿ ಅಕ್ಟೋಬರ್ ಕೊನೆಯ ಹೊತ್ತಿಗೆ ಅದರ ಅರ್ಧದ ಆಸುಪಾಸಿಗೆ ಇಳಿಯಿತು. ಇಂಥ ದೀರ್ಘ ಕುಸಿತದಲ್ಲಿ ತಡವಾದ ಸೂಚನೆಯೂ ಬೆಲೆಬಾಳುತ್ತದೆ. ಬೆಲೆ ಒಂದು ಪಟ್ಟಿಯೊಳಗೇ ಓಲಾಡುವಾಗ ಮಾತ್ರ ಗೆರೆಗಳು ಪದೇ ಪದೇ ದಾಟಿಕೊಂಡು ಸುಳ್ಳು ಸೂಚನೆಗಳನ್ನು ಕೊಡುತ್ತವೆ.

ಆದ್ದರಿಂದ ಈ ವಿಧಾನದ ಲಾಭವು ಅನೇಕ ಸಣ್ಣ ನಷ್ಟಗಳನ್ನು ಕೆಲವೇ ದೊಡ್ಡ ಗಳಿಕೆಗಳು ತುಂಬಿಕೊಡುವುದರಲ್ಲಿದೆ. ಹತ್ತು ವ್ಯವಹಾರಗಳಲ್ಲಿ ಆರರಲ್ಲಿ ತಲಾ 100 ರೂಪಾಯಿ ಹೋಗಿ ನಾಲ್ಕರಲ್ಲಿ ತಲಾ 200 ಬಂದರೆ ಉಳಿಯುವುದು 200. ದಲ್ಲಾಳಿ ಶುಲ್ಕ ಮತ್ತು ತೆರಿಗೆ ಸೇರಿ ಪ್ರತಿ ವ್ಯವಹಾರಕ್ಕೆ 20 ರೂಪಾಯಿ ತಗುಲಿದರೆ ಅದೂ ಉಳಿಯದು. ಬ್ರಾಕ್, ಲಾಕೊನಿಶಾಕ್, ಲೆಬ್ಯಾರನ್ ಎಂಬ ಸಂಶೋಧಕರು 1992ರಲ್ಲಿ ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ದತ್ತಾಂಶದಲ್ಲಿ ಇಂಥ ನಿಯಮಗಳಿಗೆ ಸ್ವಲ್ಪ ಮುನ್ಸೂಚನಾ ಶಕ್ತಿ ಇತ್ತೆಂದು ತೋರಿಸಿದರಾದರೂ, 1999ರಲ್ಲಿ ಸಲಿವನ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ ಆಯ್ದ ಅತ್ಯುತ್ತಮ ನಿಯಮವು ನಂತರದ ವರ್ಷಗಳಲ್ಲಿ ಕೈಕೊಟ್ಟಿತು. ಹಳೆಯ ಅಂಕಿಗಳ ಮೇಲೆ ಸಾವಿರಾರು ನಿಯಮಗಳನ್ನು ಹಚ್ಚಿ ನೋಡಿದರೆ ಕೆಲವು ಆಕಸ್ಮಿಕವಾಗಿಯೇ ಹೊಂದಿಕೊಳ್ಳುತ್ತವೆ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಗಳ ವಾಯಿದಾ ಮತ್ತು ಆಪ್ಷನ್ ವ್ಯವಹಾರ ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರೆಂದು ಸೆಬಿ ಕಂಡುಕೊಂಡಿರುವುದನ್ನು ಇದರ ಜೊತೆಗೆ ನೆನೆಯಬೇಕು.

ಷೇರು ವಹಿವಾಟುದಾರ ಮತ್ತು ಹತ್ತಿ ಬೆಳೆಗಾರ ಬೇರೆಯಾಗುವುದು ಇಲ್ಲಿಯೇ. ಮೊದಲನೆಯವನು ನೂರಾರು ಸಲ ಕೊಂಡು ಮಾರಿ ಸರಾಸರಿಯ ಲೆಕ್ಕ ತನ್ನ ಪರವಾಗಿ ಕೂಡಿಬರುವವರೆಗೆ ಕಾಯಬಲ್ಲನು. ಆಲೂರಿನ ರೈತ ವರ್ಷಕ್ಕೊಂದು ಬೆಳೆಯನ್ನು ಕೆಲವೇ ಬಾರಿ ಮಾರುತ್ತಾನೆ, ಆ ಕೆಲವೇ ಬಾರಿಯಲ್ಲಿ ಸೂಚನೆ ಸುಳ್ಳಾದರೆ ಅದನ್ನು ತುಂಬಿಕೊಡುವ ಮುಂದಿನ ವ್ಯವಹಾರ ಅವನಿಗಿಲ್ಲ. ಅವನ ಮಟ್ಟಿಗೆ ಧಾರಣೆಯ ಗೆರೆಗಿಂತ, ಉದ್ದ ಎಳೆಯ ಹತ್ತಿಗೆ 2025–26ರ ಸಾಲಿನಲ್ಲಿ ಕ್ವಿಂಟಲಿಗೆ 8,110 ರೂಪಾಯಿ ಎಂದು ನಿಗದಿಯಾದ ಕನಿಷ್ಠ ಬೆಂಬಲ ಬೆಲೆಯೂ ಫಸಲನ್ನು ಕಂತುಗಳಲ್ಲಿ ಮಾರುವ ಕ್ರಮವೂ ಹೆಚ್ಚು ಪ್ರಯೋಜನಕಾರಿ.