ಕೂಲಿಕಾರರ ವಂಶವೃಕ್ಷ

ಇಂಗ್ಲೆಂಡಿನ ಜಮೀನ್ದಾರಿ ಮನೆತನಗಳಿಗೆ ವಂಶಾವಳಿಯ ಕೊರತೆಯಿಲ್ಲ. ಆಸ್ತಿ ಇದ್ದ ಕಡೆ ಉಯಿಲು, ಕ್ರಯಪತ್ರ, ಕಾಗದಪತ್ರಗಳು ತಾವಾಗಿಯೇ ಉಳಿಯುತ್ತವೆ. ಆದರೆ ಹತ್ತಿ ಗಿರಣಿಯಲ್ಲಿ ದುಡಿದ ಗಂಡ ಹೆಂಡಿರ ಪೂರ್ವಿಕರು ಯಾರು? ಅವರು ದಿನಚರಿ ಬರೆದಿಡಲಿಲ್ಲ. ಅವರ ಹಿರಿಯರಲ್ಲಿ ಅನೇಕರಿಗೆ ಬರೆಯಲು ಬರುತ್ತಲೂ ಇರಲಿಲ್ಲ. ಆದರೂ ಇಂಥ ದಂಪತಿಯ ಮನೆತನವನ್ನು ಇನ್ನೂರು ವರ್ಷ ಹಿಂದಕ್ಕೆ ಹುಡುಕಿಕೊಂಡು ಹೋಗುವುದು ಎಷ್ಟೋ ವೇಳೆ ಸಾಧ್ಯವಾಗುತ್ತದೆ. ಅವರು ಬರೆಯದಿದ್ದುದನ್ನು ಚರ್ಚು ಮತ್ತು ಸರ್ಕಾರ ಬರೆದಿಟ್ಟಿರುವುದೇ ಇದಕ್ಕೆ ಕಾರಣ.

ಲ್ಯಾಂಕಷೈರಿನ ಗಿರಣಿ ಪಟ್ಟಣವೊಂದರಲ್ಲಿ 1890ರಲ್ಲಿ ಮದುವೆಯಾದ ಜೋಡಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹುಡುಕಾಟ ಶುರುವಾಗುವುದು ಅವರ ಮದುವೆಯ ದಾಖಲೆಯಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಜಾರಿಗೆ ಬಂತು. ಮದುವೆಯ ದಾಖಲೆಯಲ್ಲಿ ವಧೂವರರ ವಯಸ್ಸು, ಕಸುಬು, ವಿಳಾಸಗಳ ಜೊತೆಗೆ ಇಬ್ಬರ ತಂದೆಯರ ಹೆಸರು, ಕಸುಬು ಸಿಗುತ್ತವೆ. ಅದನ್ನು ಹಿಡಿದು ಅವರ ಜನನ ದಾಖಲೆ ಹುಡುಕಿದರೆ ತಾಯಿಯ ತವರಿನ ಮನೆತನದ ಹೆಸರು ದೊರೆಯುತ್ತದೆ. ಅಲ್ಲಿಂದ ತಂದೆ ತಾಯಿಯರ ಮದುವೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ.

ಎರಡನೆಯ ಆಧಾರ ಜನಗಣತಿ. 1841ರ ಗಣತಿಯಲ್ಲಿ ಮನೆಮಂದಿಯ ಹೆಸರುಗಳಿವೆ. ಆದರೆ ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆಯಲಾಗಿದೆ. 1851ರಿಂದ ಹುಟ್ಟಿದ ಊರು, ಮನೆಯ ಯಜಮಾನನೊಡನೆ ಸಂಬಂಧ ಎರಡೂ ದಾಖಲಾಗಿವೆ. ಗಿರಣಿ ಪಟ್ಟಣಕ್ಕೆ ವಲಸೆ ಬಂದ ಅಜ್ಜ ಯಾವ ಹಳ್ಳಿಯವನೆಂಬುದು ಇಲ್ಲಿ ತಿಳಿಯುತ್ತದೆ. ಆ ಹಳ್ಳಿಯ ಚರ್ಚಿನ ಪುಸ್ತಕವೇ ಮುಂದಿನ ದಾರಿ. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು 1538ರಲ್ಲೇ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ್ದ. 1754ರಿಂದ ಚರ್ಚಿನ ಮದುವೆ ಪುಸ್ತಕದಲ್ಲಿ ವಧೂವರರ ಸಹಿ ಕಡ್ಡಾಯವಾಯಿತು. ಸಹಿ ಬಾರದವರು ಗುಣಾಕಾರ ಚಿಹ್ನೆಯಂಥ ಒಂದು ಗುರುತು ಹಾಕಿದರು. ಎಷ್ಟೋ ಮಂದಿಯ ಕೈಬರಹವೆಂದು ಉಳಿದಿರುವುದು ಆ ಎರಡು ಗೀಟುಗಳಷ್ಟೇ.

ಬಡವರ ವಿಷಯದಲ್ಲಿ ಒಂದು ವಿಚಿತ್ರವಿದೆ. ನೆಮ್ಮದಿಯಾಗಿ ದುಡಿದು ಬದುಕಿದವರ ಬಗ್ಗೆ ದೊರೆಯುವುದು ನಾಲ್ಕೇ ಸಾಲು. ಕಷ್ಟಕ್ಕೆ ಸಿಕ್ಕಿಬಿದ್ದವರ ಬಗ್ಗೆ ಪುಟಗಟ್ಟಲೆ ಸಿಗಬಹುದು. 1662ರ ಕಾಯಿದೆಯ ಪ್ರಕಾರ ನಿರ್ಗತಿಕನನ್ನು ಸಾಕುವ ಹೊಣೆ ಅವನಿಗೆ ವಾಸದ ಹಕ್ಕಿದ್ದ ಊರಿನದು. ಆ ಊರು ಯಾವುದೆಂದು ಗೊತ್ತುಮಾಡಲು ನ್ಯಾಯಾಧಿಕಾರಿಗಳು ಅವನನ್ನು ವಿಚಾರಣೆಗೆ ಕರೆಯುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಬಳಿ ಎಷ್ಟು ಕಾಲ ದುಡಿದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಮದುವೆಯಾಗದೆ ಬಸಿರಾದ ಹೆಣ್ಣು ಮಗುವಿನ ತಂದೆ ಯಾರೆಂದು ಪ್ರಮಾಣ ಮಾಡಿ ಹೇಳಬೇಕಿತ್ತು. 1834ರ ಹೊಸ ಬಡವರ ಕಾನೂನಿನ ನಂತರ 'ವರ್ಕ್‌ಹೌಸ್' ಸೇರಿದವರ ಪಟ್ಟಿಗಳು ಬಂದವು. ಅಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಇರಿಸುತ್ತಿದ್ದರು. ಅವಮಾನದ ದಿನವೇ ಮರಿಮಕ್ಕಳಿಗೆ ಸಿಗುವ ಸುಳಿವಾಗುತ್ತದೆ.

ಈ ದಾರಿಯಲ್ಲಿ ಎಡವುವುದು ಸುಲಭ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ಸಾಮಾನ್ಯ. ಹೆಸರಷ್ಟೇ ಸಾಲದು, ಕಸುಬು, ವಿಳಾಸ, ಸಾಕ್ಷಿಗಳ ಹೆಸರು ಎಲ್ಲ ತಾಳೆಯಾಗಬೇಕು. ಇಲ್ಲವಾದರೆ ಬೇರೆಯವರ ಅಜ್ಜ ನಮ್ಮ ಮನೆಯ ಅಜ್ಜನಾಗಿಬಿಡುತ್ತಾನೆ. ದಾಖಲೆಗಳೂ ಪೂರ್ತಿ ಉಳಿದಿಲ್ಲ. 1931ರ ಗಣತಿಯ ಹಾಳೆಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಗಣತಿಯ ವೈಯಕ್ತಿಕ ವಿವರಗಳನ್ನು ನೂರು ವರ್ಷ ಗೋಪ್ಯವಾಗಿಡುವ ನಿಯಮವಿರುವುದರಿಂದ 1921ರ ಹಾಳೆಗಳು 2022ರಲ್ಲಷ್ಟೇ ಬೆಳಕು ಕಂಡವು.

ಉಳಿದವುಗಳಲ್ಲಿ 1911ರ ಹಾಳೆ ವಿಶೇಷವಾದದ್ದು. ಮನೆಯವರೇ ತುಂಬಿದ ಮೂಲ ನಮೂನೆಗಳು ಉಳಿದಿರುವುದು ಆ ವರ್ಷದಿಂದ. ಮದುವೆಯಾಗಿ ಎಷ್ಟು ವರ್ಷವಾಯಿತು, ಜೀವಂತವಾಗಿ ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು ಎಂದು ಅದು ಕೇಳುತ್ತದೆ. ಎರಡು ಗಣತಿಗಳ ನಡುವೆ ಹುಟ್ಟಿ ಸತ್ತ ಕೂಸುಗಳ ಹೆಸರು ಯಾವ ಗಣತಿಯಲ್ಲೂ ಇರುವುದಿಲ್ಲ. ಇಲ್ಲಿ ಅವು ತಂದೆಯ ಅಥವಾ ತಾಯಿಯ ಕೈಯ ಒಂದು ಅಂಕಿಯಾಗಿ ನಿಂತಿವೆ.

ಹೆಂಗಸರ ಪಾಲಿಗೆ ಕಾಗದ ಇನ್ನಷ್ಟು ಜಿಪುಣ. ಮನೆಯಲ್ಲಿ ಬಟ್ಟೆ ಒಗೆದು, ಹೊಲಿದು ಸಂಪಾದಿಸಿದವಳ ಕಸುಬಿನ ಅಂಕಣ ಗಣತಿಯಲ್ಲಿ ಅನೇಕ ವೇಳೆ ಖಾಲಿ. ಮದುವೆಯ ದಾಖಲೆಯಲ್ಲಿ ವಧೂವರರ ತಾಯಂದಿರ ಹೆಸರಿಗೆ ಜಾಗ ಸಿಕ್ಕಿದ್ದು 2021ರ ಮೇ ತಿಂಗಳಲ್ಲಿ, ನೋಂದಣಿ ಶುರುವಾಗಿ 183 ವರ್ಷಗಳ ಮೇಲೆ. ಅದಕ್ಕೂ ಹಿಂದಿನ ತಾಯಂದಿರನ್ನು ಈಗಲೂ ಅವರ ಮಕ್ಕಳ ಜನನ ದಾಖಲೆಯಲ್ಲೇ ಹುಡುಕಬೇಕು.