ನಿಂತರೆ ಮುಳುಗು, ಓಡಿದರೆ ತೇಲು!

ಈ ದೋಣಿಯನ್ನು ದಡಕ್ಕೆಳೆದು ಮಗುಚಿ ನೋಡಿ. ಅಡಿಯಲ್ಲಿ ಏನೂ ಇಲ್ಲ! ಗಿರಗಿರ ತಿರುಗುವ ಪ್ರೊಪೆಲರ್ ಇಲ್ಲ, ನೀರಿಗಿಳಿದ ಚುಕ್ಕಾಣಿ ಇಲ್ಲ, ಕೆಳಗೆ ಚಾಚಿಕೊಂಡ ಒಂದು ಸರಳೂ ಇಲ್ಲ. ನುಣುಪಾದ ತಳ, ಅದರಲ್ಲೊಂದು ಜಾಲರಿ ಮುಚ್ಚಿದ ಬಾಯಿ, ಅಷ್ಟೆ. ಆದರೂ ಇದು ಗಂಟೆಗೆ 50 ಕಿ.ಮೀ. ದಾಟಿ ಓಡುತ್ತದೆ. ಓಡುವುದಷ್ಟೇ ಅಲ್ಲ, ಹಗ್ಗದ ತುದಿ ಹಿಡಿದ ಮನುಷ್ಯನೊಬ್ಬನನ್ನು ನೀರೊಳಗಿಂದ ಕಿತ್ತೆತ್ತಿ, ನೀರಿನ ಮೇಲೆಯೇ ನಿಲ್ಲಿಸಿ, ಜೊತೆಗೇ ಓಡಿಸುತ್ತದೆ!

ಇದು ಜೆಟ್ ಬೋಟ್. ಇದರ ಮೂಲ ಹುಡುಕಿಕೊಂಡು ಹೊರಟರೆ ತಲುಪುವುದು ಯಾವ ಬಂದರಿಗೂ ಅಲ್ಲ, ಸಮುದ್ರದಿಂದ ದೂರದ ಒಂದು ಕುರಿ ಫಾರ್ಮಿಗೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಟೆಕಪೊ, ಪುಕಾಕಿ ಸರೋವರಗಳ ಸೀಮೆಯಲ್ಲಿದೆ ಐರಿಶ್‌ಮನ್ ಕ್ರೀಕ್. 1899ರಲ್ಲಿ ಹುಟ್ಟಿದ ಬಿಲ್ ಹ್ಯಾಮಿಲ್ಟನ್ ಅಲ್ಲಿ ಕುರಿ ಸಾಕುತ್ತಲೇ ವರ್ಕ್‌ಶಾಪ್ ಕಟ್ಟಿಕೊಂಡಿದ್ದ. ಆ ಸೀಮೆಯ ನದಿಗಳೋ ವಿಚಿತ್ರ! ಹಿಮ ಕರಗಿ ಇಳಿಯುವ ನೀರು ಅಗಲವಾದ ಕಲ್ಲುಹಾಸಿನಲ್ಲಿ ಹತ್ತಾರು ಕವಲಾಗಿ ಒಡೆದು, ಮತ್ತೆ ಕೂಡಿ, ಮತ್ತೆ ಒಡೆಯುತ್ತದೆ. ಸೆಳೆತ ಜೋರು, ಆಳ ಮಾತ್ರ ಕೆಲವೆಡೆ ಗೇಣುದ್ದವೂ ಇಲ್ಲ. ಪ್ರೊಪೆಲರ್ ಇಳಿಬಿಟ್ಟರೆ ಕಲ್ಲಿಗೆ ತಗುಲಿ ಪುಡಿಯಾಗುತ್ತದೆ. ಇಂಥ ನದಿಯಲ್ಲಿ ಪ್ರವಾಹಕ್ಕೆದುರಾಗಿ ಮೇಲೇರುವ ದೋಣಿ ಬೇಕೆಂಬುದು ಹ್ಯಾಮಿಲ್ಟನ್‌ನ ಬಾಲ್ಯದ ಕನಸು. ಅದು ಕೈಗೂಡಿದ್ದು 1950ರ ದಶಕದಲ್ಲಿ, ಅವನು ಐವತ್ತು ದಾಟಿದ ಮೇಲೆ!

ನೀರನ್ನು ಚಿಮ್ಮಿಸಿ ದೋಣಿ ನಡೆಸುವ ಯೋಚನೆ ಹೊಸದೇನಲ್ಲ. ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ ಎಂಬ ಯಂತ್ರ ಆಗಲೇ ಇತ್ತು. ಅದು ನೀರನ್ನು ದೋಣಿಯ ಅಡಿಯಿಂದಲೇ ಹೊರಗೆ ಚಿಮ್ಮಿಸುತ್ತಿತ್ತು. ಹ್ಯಾಮಿಲ್ಟನ್ ಅದನ್ನು ಎಷ್ಟು ತಿದ್ದಿದರೂ ವೇಗ ಸಾಲಲಿಲ್ಲ. ಆಗ ಅವನ ವರ್ಕ್‌ಶಾಪಿನ ಕೆಲಸಗಾರನೊಬ್ಬ ಒಂದು ಮಾತು ಹೇಳಿದ: ನೀರು ಚಿಮ್ಮುವ ಬಾಯನ್ನು ನೀರಿನ ಮಟ್ಟಕ್ಕಿಂತ ತುಸು ಮೇಲಕ್ಕೆ ತಂದರೆ? ತಂದರು. ದೋಣಿ ನೆಗೆಯಿತು!

ಏಕೆ? ಜೆಟ್ ಬೋಟ್ ಹಿಂದಿನ ನೀರನ್ನು ಒದ್ದು ಮುಂದೆ ಹೋಗುವುದಲ್ಲ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅದುಮಿದರೆ ಪೈಪೇ ಕೈಯನ್ನು ಹಿಂದಕ್ಕೆ ತಳ್ಳುತ್ತದಲ್ಲ, ಆ ತಳ್ಳುವಿಕೆಯೇ ಇದರ ಬಲವೆಲ್ಲ. ತಳದ ಜಾಲರಿಯಿಂದ ಒಳಬಂದ ನೀರಿಗೆ ಒಳಗೇ ತಿರುಗುವ ಅಲಗುಚಕ್ರ, ಅಂದರೆ ಇಂಪೆಲರ್, ವೇಗ ತುಂಬುತ್ತದೆ, ಕಿರಿದಾದ ನಾಜಲ್ ಅದನ್ನು ಹಿಂದಕ್ಕೆಸೆಯುತ್ತದೆ, ದೋಣಿ ಮುಂದಕ್ಕೆ ಚಿಮ್ಮುತ್ತದೆ. ಧಾರೆ ಗಾಳಿಗೆ ಚಿಮ್ಮಿದರೂ ಬಲ ಅಷ್ಟೇ ಇರುತ್ತದೆ, ನೀರಿನಡಿಯ ಎಳೆತ ಮಾತ್ರ ತಪ್ಪುತ್ತದೆ. ನಾಜಲ್ ಎಡಕ್ಕೋ ಬಲಕ್ಕೋ ತಿರುಗಿದರೆ ದೋಣಿಯೂ ತಿರುಗಿತು. ಮಲ್ಪೆ, ಮುರ್ಡೇಶ್ವರದ ಕಡಲಲ್ಲಿ ಪ್ರವಾಸಿಗರನ್ನು ಹೊತ್ತು ಓಡುವ ಜೆಟ್ ಸ್ಕೀಗಳ ಹೊಟ್ಟೆಯಲ್ಲಿರುವುದೂ ಇದೇ ವಿದ್ಯೆ!

1960ರಲ್ಲಿ ಹ್ಯಾಮಿಲ್ಟನ್ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೊ ನದಿಯ ಪ್ರವಾಹಕ್ಕೆದುರಾಗಿ ಮೇಲೇರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟ್‌ಗಳೊಂದಿಗೆ ನಮ್ಮ ಗಂಗಾಸಾಗರದಿಂದ ಹೊರಟು ಗಂಗೆಯನ್ನು ಏರುತ್ತಲೇ ಹೋದ. ಅವನನ್ನು ತಡೆದದ್ದು ನಂದಪ್ರಯಾಗದ ಬಳಿಯ ಜಲಪಾತ!

ಇನ್ನು ಹಗ್ಗದ ಈಚೆ ತುದಿಗೆ ಬನ್ನಿ. ಇಲ್ಲಿರುವ ವಾಟರ್ ಸ್ಕೀ ಸವಾರನ ಕಥೆ ಹ್ಯಾಮಿಲ್ಟನ್‌ಗಿಂತ ಮೂರು ದಶಕ ಹಿಂದಿನದು. 1922ರ ಬೇಸಿಗೆ, ಅಮೆರಿಕದ ಮಿನೆಸೋಟ, ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿ ಆದ ಪೆಪಿನ್ ಸರೋವರ. ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗನಿಗೊಂದು ಹುಚ್ಚು: ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೇಕಾಗದು? ಪೀಪಾಯಿಯ ಹಲಗೆ ಕಟ್ಟಿಕೊಂಡ, ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ, ಮುಳುಗಿದ. ಕೊನೆಗೆ ಎಂಟಡಿ ಉದ್ದ, ಒಂಬತ್ತಂಗುಲ ಅಗಲದ ಎರಡು ಪೈನ್ ಹಲಗೆ ತಂದು, ತುದಿಗಳನ್ನು ತಾಯಿಯ ಹಂಡೆಯಲ್ಲಿ ಬೇಯಿಸಿ ಬಗ್ಗಿಸಿದ. ಅಣ್ಣ ದೋಣಿ ಓಡಿಸಿದ. ಜುಲೈ 2ರಂದು, ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಮೈಯನ್ನು ಹಿಂದಕ್ಕೆ ವಾಲಿಸಿ ಹಲಗೆಯ ಮೂತಿಯನ್ನು ನೀರಿನಿಂದ ಮೇಲೆತ್ತಿ ಹಿಡಿದ. ಎದ್ದು ನಿಂತೇಬಿಟ್ಟ! ಮುಂದೆ ಮೂರು ವರ್ಷಕ್ಕೆ ಹಂದಿಕೊಬ್ಬು ಸವರಿದ ಇಳಿಜಾರು ಹಲಗೆ ಹತ್ತಿ ನೀರಿನ ಮೇಲೆ ಜಿಗಿದ. ನೀರಿನಲ್ಲಿಳಿಯುವ ವಿಮಾನದ ಹಿಂದೆ ಗಂಟೆಗೆ ಸುಮಾರು 130 ಕಿ.ಮೀ. ವೇಗದಲ್ಲೂ ಜಾರಿದ!

ಅವನು ಕಂಡುಕೊಂಡದ್ದು ಒಂದೇ ಗುಟ್ಟು. ತುಸು ಓರೆಯಾದ ಹಲಗೆ ವೇಗವಾಗಿ ಸಾಗುವಾಗ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ವೇಗ ಹೆಚ್ಚಿದಷ್ಟೂ ಚಿಕ್ಕ ಹಲಗೆ ಸಾಕು. ಗಂಟೆಗೆ 60 ಕಿ.ಮೀ. ದಾಟಿದರೆ ಹಲಗೆಯೇ ಬೇಡ, ಬರೀ ಅಂಗಾಲು ಸಾಕು! ಫ್ಲಾರಿಡಾದ ಸೈಪ್ರಸ್ ಗಾರ್ಡನ್ಸ್‌ನಲ್ಲಿ 1947ರಲ್ಲೇ ಬರಿಗಾಲಲ್ಲಿ ಜಾರಿ ತೋರಿಸಿದರು. ಇನ್ನೂ ಸೋಜಿಗವೆಂದರೆ, ವೇಗ ಹಿಡಿದ ಜೆಟ್ ಬೋಟ್ ಕೂಡ ಇದೇ ರೀತಿ ನೀರಿನ ನೆತ್ತಿಯ ಮೇಲೆ ಜಾರುತ್ತದೆ. ಅಂದರೆ ಹಗ್ಗದ ಎರಡೂ ತುದಿಯಲ್ಲಿ ನಡೆಯುತ್ತಿರುವುದು ಒಂದೇ ಆಟ!

ಜೋಡಿಯೇನೋ ಚಂದ, ಪಥ್ಯ ಮಾತ್ರ ಹಲವು. ಗೇಣುದ್ದ ನೀರಿನಲ್ಲೂ ದೋಣಿ ಓಡೀತು, ಆದರೆ ಹಿಂದಿನವನು ಬಿದ್ದರೆ ಕೆಳಗಿರುವುದು ಕಲ್ಲು. ಹಾಗಾಗಿ ಸ್ಕೀಗೆ ಆಳವಾದ ನೀರೇ ಬೇಕು. ಹೊರಗೆ ತಿರುಗುವ ಅಲಗಿಲ್ಲ, ಬಿದ್ದವನ ಕೈಕಾಲು ಕತ್ತರಿಸುವ ಭಯವಿಲ್ಲ. ಆದರೆ ಸಡಿಲಬಿದ್ದ ಹಗ್ಗವನ್ನು ತಳದ ಬಾಯಿ ಒಳಗೆಳೆದುಕೊಂಡರೆ ಇಂಪೆಲರ್‌ಗೆ ಸುತ್ತಿ ಎಲ್ಲವೂ ಸ್ತಬ್ಧ. ಉದ್ದ ಕೂದಲನ್ನೂ ಅದು ಬಿಡದು. ಅದಕ್ಕೇ ಸವಾರ ಹತ್ತಿರ ಬಂದಾಗ ಎಂಜಿನ್ ಆರಿಸಲೇಬೇಕು. ನಿಂತಲ್ಲಿಂದ ಹೊರಟು ಭಾರ ಎತ್ತುವಾಗ ಜೆಟ್ ಪ್ರೊಪೆಲರ್‌ನಷ್ಟು ದಕ್ಷವಲ್ಲ. ಕ್ಯಾಲಿಫೋರ್ನಿಯಾದವರು 1970ರ ದಶಕದಲ್ಲಿ ಅದಕ್ಕೆ ದೈತ್ಯ ವಿ-8 ಎಂಜಿನ್ ಕೂರಿಸಿಕೊಂಡರು. ಜೊತೆಗೆ ಹೊಲಕ್ಕೆ ನೀರೆತ್ತುವ ಪಂಪು ಮಾಡುತ್ತಿದ್ದ ಬರ್ಕ್ಲಿ ಕಂಪನಿಯ ಜೆಟ್!

ಎಲ್ಲಕ್ಕಿಂತ ಬೆರಗಿನ ಸಂಗತಿ ಇನ್ನೂ ಇದೆ. ಚಿಮ್ಮುವ ಧಾರೆಯೇ ಈ ದೋಣಿಯ ಚುಕ್ಕಾಣಿ. ಧಾರೆ ನಿಂತರೆ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ದೋಣಿ ನೆಟ್ಟಗೆ ಹೋಗುತ್ತದೆ. ಹಾಗಾಗಿ ಚಾಲಕನಿಗೆ ಮೊದಲ ಪಾಠ: ಎದುರಿಗೆ ಬಂಡೆ ಕಂಡರೆ ಹೆದರಿ ಥ್ರಾಟಲ್ ಬಿಡಬೇಡ, ಕೊಟ್ಟು ತಿರುಗಿಸು. ಅದೇ ಹಗ್ಗದ ಇನ್ನೊಂದು ತುದಿಯವನಿಗೆ ಕಲಿಸುವುದು ತದ್ವಿರುದ್ಧ: ಸಮತೋಲ ತಪ್ಪಿತೋ, ಹಿಡಿಕೆ ಬಿಟ್ಟುಬಿಡು!