ಕೆರಳುವ ಕರುಳಿಗೆ ಮನಸ್ಸಿನ ಮದ್ದು

ಬನಶಂಕರಿಯಲ್ಲಿ ಬಸ್ ಹತ್ತುವ ಮುನ್ನವೇ ಹೊಟ್ಟೆ ಹಿಂಡುತ್ತದೆಯೇ? ಪರೀಕ್ಷೆಗಳಲ್ಲಿ ದೋಷ ಕಾಣದಿದ್ದರೂ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಮರುಕಳಿಸುವುದು ‘ಐಬಿಎಸ್’ನ ಲಕ್ಷಣ. ಇದು ಭ್ರಮೆಯಲ್ಲ. ಆತಂಕ ಕರುಳನ್ನು ಕೆರಳಿಸುತ್ತದೆ; ಕೆರಳಿದ ಕರುಳು ಆತಂಕ ಹೆಚ್ಚಿಸುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಭಯಪಟ್ಟು ಬಿಟ್ಟ ಓಡಾಟಕ್ಕೆ ಮೆಲ್ಲನೆ ಮರಳುವಿಕೆ – ಹೀಗೆ ವರ್ತನಾ ಚಿಕಿತ್ಸೆ ಈ ಸರಪಳಿ ಕಡಿಯಲು ಕಲಿಸುತ್ತದೆ.

ಫಲ ಉಳಿಯುತ್ತದೆಯೇ? 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಎರಡು ವರ್ಷಗಳ ನಂತರ ಉತ್ತರಿಸಿದವರ ಪೈಕಿ, ದೂರವಾಣಿ ಮೂಲಕ ಈ ಚಿಕಿತ್ಸೆ ಪಡೆದ ಶೇ. 71 ಮಂದಿ ಗಣನೀಯವಾಗಿ ಸುಧಾರಿಸಿದ್ದರು. ರೂಢಿಯ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಇದು ಶೇ. 46.

ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಮೊದಲು ವೈದ್ಯರನ್ನು ಕಾಣಿ. ಐಬಿಎಸ್ ಎಂದು ಖಚಿತವಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಂತಹ ಕಡೆ ಮನಶ್ಶಾಸ್ತ್ರಜ್ಞರ ಸಲಹೆ ಪಡೆಯಿರಿ. ಸಂಕೋಚ ಬೇಡ.